ಕೆನ್ನೆಯ ಕೆಳಗಿನ ಬಿರುಕು

“ಬಲಗೈ,” ಎಂದ ಗೋಪಾಲ, ಮಗಳು ಬಾಯಿ ತೆರೆಯುವ ಮೊದಲೇ.

“ಎಡಗೈ,” ಎಂದಳು ಮಾಳವಿಕಾ.

ಟ್ರೆವರ್‌ನ ಸೀಮೆಸುಣ್ಣ ವಾಲ್‌ನಟ್ ಹಲಗೆಯ ಮೇಲೆ ತಡೆದು ನಿಂತಿತು. ಬರ್ಮಿಂಗ್‌ಹ್ಯಾಮಿನ ಈ ವರ್ಕ್‌ಶಾಪಿನಲ್ಲಿ ನಲವತ್ತು ವರ್ಷಗಳಿಂದ ಬೇಟೆಯ ರೈಫಲುಗಳಿಗೆ ಮರದ ಹಿಡಿ ಕೆತ್ತುತ್ತ ಬಂದವನು ಅವನು. ಮರ ಅಂತಿಮಗೊಳಿಸುವ ಮುನ್ನ ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ರೈಫಲು ಯಾವ ಭುಜಕ್ಕೆ? ಅದಕ್ಕೆ ಎರಡು ಉತ್ತರ ಬಂದದ್ದು ಇದೇ ಮೊದಲಿರಬೇಕು.

“ಅವಳು ಬರೆಯುವುದು, ಊಟ ಮಾಡುವುದು ಎಲ್ಲ ಬಲಗೈಯಲ್ಲೇ,” ಎಂದು ಗೋಪಾಲ ಇಂಗ್ಲಿಷಿನಲ್ಲಿ ವಿವರಿಸಿದ. ಸೊಲಿಹಲ್‌ನಲ್ಲಿ ಕುಟುಂಬ ವೈದ್ಯನಾಗಿ ರೋಗಿಗಳಿಗೆ ಮಾತ್ರೆಯ ಲೆಕ್ಕ ಹೇಳುವ ಅದೇ ಸಮಾಧಾನದ ದನಿ. “ನಾನೇ ಕಲಿಸಿದ್ದು.”

ಹಲಗೆಯನ್ನು ಆರಿಸಿದ್ದೂ ಅವನೇ. ಗೋಡೆಗೆ ಒರಗಿಸಿದ್ದ ಮೂವತ್ತು ನಲವತ್ತು ಹಲಗೆಗಳಲ್ಲಿ ಇದೊಂದರ ಮೈಮೇಲೆ ಮಾತ್ರ ಹೊಗೆ ಸುಳಿದಂಥ ಕಪ್ಪು ಗೆರೆಗಳಿದ್ದವು. ಅರಣ್ಯ ಟ್ರಸ್ಟಿನಲ್ಲಿ ಮಗಳ ಕೆಲಸ ಕಾಯಂ ಆದದ್ದಕ್ಕೆ ಇದು ಅಪ್ಪನ ಉಡುಗೊರೆ. ಸಸಿಗಳನ್ನು ತಿಂದು ಕಾಡು ಚಿಗುರದಂತೆ ಮಾಡುವ ಜಿಂಕೆಗಳನ್ನು ಹೊಡೆದು ಸಂಖ್ಯೆ ತಗ್ಗಿಸುವುದು ಅವಳ ಕೆಲಸ. ಮೊಟ್ಟೆಯನ್ನೂ ಮುಟ್ಟದ ಗೋಪಾಲನಿಗೆ ಅದನ್ನು ಒಪ್ಪಲು ಎರಡು ವರ್ಷ ಹಿಡಿದಿತ್ತು.

ಟ್ರೆವರ್ ಒದ್ದೆ ಬಟ್ಟೆಯಿಂದ ಹಲಗೆಯ ಬಲಮೈಯನ್ನು ಒರೆಸಿದ. ತೇವ ಹೀರಿದ ಮರದಲ್ಲಿ ಕೂದಲೆಳೆಯಂಥ ಗೆರೆಯೊಂದು ಕಪ್ಪಗೆ ಎದ್ದು ಕಂಡಿತು. “ಬಿರುಕು. ಬಲಗೈಯವರಿಗಾದರೆ ಈ ಬದಿಯನ್ನು ಕೆತ್ತಿ ತೆಗೆಯುತ್ತೇನೆ, ಬಿರುಕೂ ಹೋಗುತ್ತದೆ. ಎಡಗೈಯವರು ಕೆನ್ನೆ ಒರಗಿಸುವುದೇ ಇಲ್ಲಿ, ಹಾಗಾಗಿ ಮರ ಉಳಿಸಲೇಬೇಕು. ಇವತ್ತಲ್ಲ ನಾಳೆ ಸೀಳುತ್ತದೆ.” ಅವನು ಕೆಳಗಿನಿಂದ ಬೇರೊಂದು ಹಲಗೆ ಎಳೆದು ಮೇಜಿನ ಮೇಲಿಟ್ಟ. “ಎಡಗೈಗೆ ಇದು. ನೋಡಲು ಸಪ್ಪೆ, ಆದರೆ ಮುಷ್ಟಿಯಿಂದ ಹಿಡಿಯುವ ಜಾಗದಲ್ಲಿ ಮರದ ಎಳೆ ನೇರವಾಗಿದೆ. ಮುರಿಯುವುದಿಲ್ಲ.”

“ಹಣ್ಣಿನ ಪೆಟ್ಟಿಗೆ ಥರ ಇದೆ!” ಗೋಪಾಲ ಮಗಳ ಕಡೆ ತಿರುಗಿ ಕನ್ನಡಕ್ಕಿಳಿದ. “ನೋಡು ಮಾಳು, ಎಲ್ಲಾ ಅಭ್ಯಾಸ ಅಷ್ಟೆ. ಇಷ್ಟು ದಿನ ಬಲಗಡೆ ಇಟ್ಕೊಂಡೇ ಹೊಡೆದಿಲ್ವಾ?”

ಮಾಳವಿಕಾ ಅಪ್ಪನಿಗೆ ಉತ್ತರಿಸುವುದು ಇಂಗ್ಲಿಷಿನಲ್ಲಿ. ಸಿಟ್ಟು ಬಂದಾಗ ಮಾತ್ರ ಅವಳಿಗೆ ಕನ್ನಡ ಬರುತ್ತಿತ್ತು.

“ಹೊಡೆದೆ. ಆಫೀಸ್ ರೈಫಲ್ ಬಲಗೈಯವರದ್ದು, ಬೇರೆ ದಾರಿ ಇರ್ಲಿಲ್ಲ. ನನಗೆ ಗುರಿ ಸಿಗೋದು ಎಡಗಣ್ಣಲ್ಲಿ, ಅಪ್ಪಾ. ಜನವರೀಲಿ ಒಂದು ಜಿಂಕೆ ದವಡೆ ಹಾರಿಹೋಯ್ತು. ಸಾಯ್ಲಿಲ್ಲ ಅದು. ಮೂರು ಗಂಟೆ ಅದರ ರಕ್ತ ನೋಡ್ಕೊಂಡು ಹಿಂದೆ ನಡೆದೆ. ಅಳ್ತಾ ಫೋನ್ ಮಾಡಿದ್ರೆ ಏನಂದ್ರಿ? ಪ್ರಾಕ್ಟೀಸ್ ಮಾಡು ಅಂದ್ರಿ.”

“ಹಾಗಂತ ನಾಲ್ಕು ಜನದ ಎದುರು ಎಡಗೈ ಮುಂದೆ ಮಾಡ್ಕೊಂಡು...”

“ಜಿಂಕೆ ಕೊಲ್ಲೋಕೂ ಮಡೀನಾ? ಕ್ಲಿನಿಕ್‌ಗೆ ಬರೋ ತಾಯಂದಿರಿಗೆ ಏನು ಹೇಳ್ತೀರಿ ನೀವು? ಮಗುವಿನ ಎಡಗೈ ಅಭ್ಯಾಸ ಬಿಡಿಸಬೇಡಿ ಅಂತ ತಾನೆ? ನನಗೆ ಕಾಲುಚೀಲ!”

ಮಗಳಿಗೆ ನಾಲ್ಕು ತುಂಬಿದಾಗಿನಿಂದ ಏಳಾಗುವವರೆಗೆ, ಊಟದ ಹೊತ್ತಿಗೆ ಅವಳ ಎಡಗೈಗೆ ತನ್ನದೇ ಕಾಲುಚೀಲ ತೊಡಿಸಿ ಮಣಿಕಟ್ಟಿಗೆ ದಾರ ಬಿಗಿಯುತ್ತಿದ್ದವನು ಗೋಪಾಲ. ಮಗು ಮರೆತು ಕೈ ಮೇಲೆತ್ತಿದರೆ, “ಕೈ ಒಳಗಿಡು” ಎನ್ನುತ್ತಿದ್ದ. ಗದರಿದ್ದಿಲ್ಲ. ಮಾತ್ರೆ ಬರೆದುಕೊಡುವವನಂತೆ, ಪ್ರತಿದಿನ, ಅಷ್ಟೇ.

“ಅದರಿಂದ ನಿನಗೇನು ಕಮ್ಮಿ ಆಯ್ತು?” ಅವನ ದನಿ ಈಗ ಏರಿತು. “ಓದಲಿಲ್ವಾ? ಎಂಎಸ್ಸಿ ಮಾಡಲಿಲ್ವಾ? ಎತ್ತಿ ಭುಜಕ್ಕೆ ಇಟ್ಕೊಂಡು ಗುರಿ ಹಿಡಿಯೋದು, ಇದೇನು ಬ್ರಹ್ಮವಿದ್ಯೆನಾ? ಕೊಡು ಇಲ್ಲಿ!”

ಮೇಜಿನ ಮೇಲಿದ್ದ ಸಪ್ಪೆ ಹಲಗೆಯನ್ನು ಕಿತ್ತುಕೊಂಡು ಭುಜಕ್ಕೇರಿಸಿ, ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ಎದುರು ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದ. “ನೋಡು! ಇಷ್ಟೇ!”

ಹಲಗೆ ಚೂರೂ ಅಲುಗಲಿಲ್ಲ. ಅವನು ಮುಚ್ಚಿದ್ದು ಬಲಗಣ್ಣು. ಹಲಗೆ ಕೂತಿದ್ದು ಎಡಭುಜದಲ್ಲಿ.

ಮಗಳ ಮುಖ ನೋಡಲು ಗೋಪಾಲ ತಲೆಯೆತ್ತಿದ. ಇಬ್ಬರೂ ಎಲ್ಲಿ ನೋಡುತ್ತಿದ್ದಾರೆಂದು ತಿಳಿದ ಕೂಡಲೇ ಹಲಗೆಯನ್ನು ಬಲಭುಜಕ್ಕೆ ಬದಲಿಸಿದ. ಅಲ್ಲಿ ಅದರ ತುದಿ ನಡುಗತೊಡಗಿತು.

“ನಿಮಗೆ ಗೊತ್ತಿತ್ತು.” ಮಾಳವಿಕಾಳ ದನಿ ತಗ್ಗಿತ್ತು, ಸಿಟ್ಟು ತಗ್ಗಿರಲಿಲ್ಲ. “ಎಡಗೈ ಬಿಡಿಸಿದ್ರೆ ಹೇಗಿರುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ನನಗೆ ಕಟ್ಟಿದ್ರಿ.”

ಗೋಪಾಲ ಹಲಗೆಯನ್ನು ಕೆಳಗಿಟ್ಟ. ಟ್ರೆವರ್ ಏನನ್ನೂ ಕೇಳದೆ ಅದರ ಮೇಲೆ ‘ಎಡ’ ಎಂದು ದೊಡ್ಡದಾಗಿ ಬರೆದು, ಬಿರುಕಿನ ಹಲಗೆಯನ್ನು ಗೋಡೆಗೆ ಒರಗಿಸಿದ. ಆ ಪದವನ್ನೇ ನೋಡುತ್ತ ನಿಂತ ಗೋಪಾಲನ ಎಡಗೈ ಮೆಲ್ಲಗೆ ಕೋಟಿನ ಜೇಬಿನೊಳಗೆ ಇಳಿಯಿತು.

“ಕೈ ಹೊರಗೆ ತೆಗೀರಿ, ಅಪ್ಪಾ,” ಎಂದಳು ಮಾಳವಿಕಾ.