ಹಳೆ ಕೌದಿಗೆ ಕೆಂಪು ತುಣುಕು

ಹಸಿ ಸುಣ್ಣದ ವಾಸನೆ ಬಂದರೆ ಇವತ್ತಿಗೂ ನನಗೆ ಸೋದರತ್ತೆಯ ಮುಖ ನೆನಪಾಗಿ ಹೊಟ್ಟೆ ತಣ್ಣಗಾಗುತ್ತದೆ.

ಯುದ್ಧದ ದಿನಗಳು, ಬಟ್ಟೆಗೆ ಬರ. ಅಕ್ಕಿಆಲೂರಿನಿಂದ ಅತ್ತೆ ತನ್ನ ಹೊಸ ಬೀಗಿತ್ತಿಯನ್ನು ಕರೆದುಕೊಂಡು ಬರುವವಳಿದ್ದಳು. ದನದ ಕೊಟ್ಟಿಗೆಯಿಂದ ಒಲೆಯವರೆಗೂ ನಡುವೆ ಗೋಡೆಯೇ ಇಲ್ಲದ ಪಡಸಾಲೆ ನಮ್ಮದು. ಅವ್ವ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿದಳು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದಳು.

"ಹಾಸಾಕ ಜಮಖಾನಿ ಬ್ಯಾಡೇನವ್ವಾ?" ಎಂದೆ.

"ಅದಕ್ಕಿಂತ ಛಲೋದು ಐತಿ" ಎಂದು ಟ್ರಂಕಿನ ತಳದಿಂದ ಕೆಂಪು ಸೀರೆ ತೆಗೆದಳು. ತಮ್ಮನ ತೊಟ್ಟಿಲ ದಿನ ಅತ್ತೆ ಎಲ್ಲರೆದುರು ಉಡುಗೊರೆಯಾಗಿ ಆಯೇರಿ ಮಾಡಿದ ಸೀರೆ ಅದು. ಮಡಿಕೆ ಬಿಚ್ಚಿದರೆ ಒಳಗೆಲ್ಲ ಹರಕು. ಅವತ್ತು ಅವ್ವ ನಕ್ಕು ಅದನ್ನು ಟ್ರಂಕಿಗೆ ಹಾಕಿದ್ದಳು. ಈಗ ಅದನ್ನು ಕತ್ತರಿಸಿ ಹಳೆ ಕೌದಿಯ ನಟ್ಟನಡುವೆ ಹೊಲಿದಳು.

ಬಂದ ಬೀಗಿತ್ತಿ ಕೌದಿಯ ಮೇಲೆ ಕುಳಿತಲ್ಲೇ ಅದನ್ನು ಸವರಿದಳು. "ಭಾಳ ಛಂದ ಐತ್ರಿ. ಈ ಕೆಂಪು ತುಣುಕು ಯಾವ ಸೀರೀದು?"

ಅವ್ವ ಅತ್ತೆಯ ಕಡೆ ಕೈ ತೋರಿಸಿದಳು. "ನಮ್ಮ ಅಕ್ಕಾರು ಆಯೇರಿ ಮಾಡಿದ್ದು ರೀ. ಹರಕ ಇತ್ತು, ಉಡಾಕ ಬರಲಿಲ್ಲ."

ಇನ್ನೂ ನಿಂತೇ ಇದ್ದ ಅತ್ತೆ ಹಿಂದೆ ಸರಿದು ಗೋಡೆಗೆ ಒರಗಿದಳು. ಹಸಿ ಸುಣ್ಣ ಬೆನ್ನಿಗೆಲ್ಲ ಹತ್ತಿತು.

ಅವ್ವ ಕೌದಿಯ ಮೇಲೆ ಜಾಗ ಮಾಡಿದಳು. "ಯಾಕ ನಿಂತ್ರಿ ಅಕ್ಕಾರ? ಬರ್ರಿ, ಕುಂದರ್ರಿ. ನಿಮ್ಮದ ಸೀರಿ ಐತಿ."