ಈಗ ಬಂದೆ

ದಾವಣಗೆರೆಯ ಉರಿಬಿಸಿಲಿನಲ್ಲಿ ಕಾರು ನಿಲ್ಲಿಸಿದ ವಿನುತಾ, ಎಲ್ಲ ತಾಯಂದಿರಂತೆ ಕಾಲಿನಿಂದ ತನ್ನ ನೆರಳನ್ನು ಬಿಚ್ಚಿ ಮಗಳ ಪಕ್ಕದ ಸೀಟಿನಲ್ಲಿ ಕೂರಿಸಿದಳು. ನೆರಳು ಕೂತಿದ್ದರೆ ಕಾರು ಬಿಸಿಲಿಗೆ ಕಾಯುವುದಿಲ್ಲ, ನೆರಳೇ ಮಗುವನ್ನು ಕಾಯುತ್ತದೆ. ಸಂಜೆಯ ಉದ್ದ ನೆರಳಾದರೆ ಅರ್ಧ ಗಂಟೆ ತಾಳೀತು. ನಡುಮಧ್ಯಾಹ್ನದ್ದು ಗಿಡ್ಡ, ಐದೇ ನಿಮಿಷಕ್ಕೆ ಕರಗಿಹೋಗುತ್ತದೆ. ಆಮೇಲೆ ಮಗು ಒಂಟಿ.

"ಇಂಚರಾ, ಅಜ್ಜಿಯ ಮಾತ್ರೆ ತಗೊಂಡು ಈಗ ಬಂದೆ."

"ಇನ್ನೂ ಹೋಗೇ ಇಲ್ಲ, ಆಗಲೇ ಬಂದೆ ಅಂತೀಯಲ್ಲ!" ನಾಲ್ಕು ವರ್ಷದ ಮಗಳು ಕಿಲಕಿಲ ನಕ್ಕಳು.

ಔಷಧಿ ಅಂಗಡಿಯ ಮುಂದೆ ಏಳು ಜನರ ಸಾಲಿತ್ತು. ಕೊನೆಯಲ್ಲಿದ್ದ ಅಜ್ಜ ತಿರುಗಿ ಅವಳ ಕಾಲಬುಡ ನೋಡಿದ.

"ನೆರಳು ಬಿಟ್ಟು ಬಂದೀಯೇನವ್ವಾ? ಕೂಸು ಒಂದೇ ಐತಾ? ಏಯ್, ದಾರಿ ಬಿಡ್ರಪ್ಪಾ!"

ಸಾಲು ಸರಿದು ದಾರಿ ಬಿಟ್ಟಿತು. ಆದರೂ ಅಂಗಡಿಯವನು ಮಾತ್ರೆ ಹುಡುಕಿ ಕೊಡುವಷ್ಟರಲ್ಲಿ ನಾಲ್ಕು ನಿಮಿಷ ದಾಟಿತ್ತು. ವಿನುತಾ ಓಡಿದಳು. ಕಾರಿನ ಬಾಗಿಲನ್ನು ಸರ್ರನೆ ಎಳೆದು ತೆಗೆದಳು.

ನೆರಳು ಊದಿನಕಡ್ಡಿಯ ಹೊಗೆಯಷ್ಟು ತೆಳ್ಳಗಾಗಿ ನಡುಗುತ್ತಿತ್ತು. ಇಂಚರ ಅದಕ್ಕೆ ತನ್ನ ಪುಟ್ಟ ಟವೆಲ್ ಹೊದಿಸಿ, ಬೆನ್ನು ತಟ್ಟುತ್ತಿದ್ದಳು.

"ಮೆಲ್ಲಗೆ, ಅಮ್ಮಾ," ಎಂದಳು ಪಿಸುದನಿಯಲ್ಲಿ. "ನೀನು ಬರೋದೇ ಇಲ್ಲ ಅಂತ ಅಳ್ತಿತ್ತು. ಥೇಟ್ ನಿನ್ನ ಹಾಗೇ ಪುಕ್ಕಲು! ನಾನೇ ಸಮಾಧಾನ ಮಾಡಿದೆ. ಹೆದರ್ಬೇಡ, ನಮ್ಮಮ್ಮ ಹೋಗೋಕ್ಕೆ ಮುಂಚೇನೇ ಬಂದಾಗಿದೆ ಅಂತ."