ಹೊತ್ತು ಮುಳುಗುವ ಮುಂಚೆ

"ನಿಮ್ಮ ಯೇಸು ನಿಮಗಿರಲಿ, ನಮಗ ನಮ್ಮ ಮಹಾವೀರಸ್ವಾಮಿ ಸಾಕು," ಎಂದು ಚಂಪಾಬಾಯಿ ಸುವಾರ್ತೆಯ ಪುಸ್ತಕವನ್ನು ತೆರೆಯದೆಯೇ ಎಸ್ತೇರಳಿಗೆ ಮರಳಿಸಿದರು. ವಡಗಾವಿಯ ಆ ಓಣಿಯಲ್ಲಿ ಸುವಾರ್ತೆ ಸಾರಲು ಅವಳು ಅಂದು ಹೊಕ್ಕ ಏಳನೆಯ ಮನೆ ಅದು. ಎಸ್ತೇರ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

"ಹಸಕೊಂಡು ಎಲ್ಲಿ ಹೊಂಟೀರಿ? ಕುಂದರ್ರಿ. ಹೊತ್ತು ಮುಳುಗಿದ ಮ್ಯಾಲೆ ನಾವು ಉಣ್ಣಂಗಿಲ್ಲ, ಲಗೂನ ಉಂಡಬಿಡೂಣು."

ತಾಟಿನ ಮುಂದೆ ಎಸ್ತೇರ ರೂಢಿಯಂತೆ ಕಣ್ಣು ಮುಚ್ಚಿದಳು. ಅವಳ ಪ್ರಾರ್ಥನೆ ಯಾವಾಗಲೂ ಉದ್ದ. ಇಂದು ಬೇಡವೆಂದ ಏಳು ಮನೆಗಳೂ ಅದರಲ್ಲಿ ಸೇರಬೇಕಿತ್ತು. ಮೂರನೆಯ ಮನೆಗೆ ಬಂದಾಗ ಯಾಕೋ ಕಣ್ಣು ತೆರೆದಳು. ಚಂಪಾಬಾಯಿ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು, ಕಿಟಕಿಯಲ್ಲಿ ಇಳಿಯುತ್ತಿದ್ದ ಬಿಸಿಲನ್ನು ನೋಡುತ್ತ, ಅವಳು ಮುಗಿಸಲೆಂದು ಕಾಯುತ್ತಿದ್ದರು.

"ಆಮೆನ್," ಎಂದಳು ಎಸ್ತೇರ. "ಉಣ್ರಿ ಅಕ್ಕಾರ. ಉಳಿದದ್ದು ದೇವರಿಗೆ ಹಾದ್ಯಾಗ ಹೇಳಿಕೋತೀನಿ."